ಸೂಜಿ ತಿರುಗಿಸುವ ಮುನ್ನ

ಮುಂಗಾರಿನ ಎರಡು ಹದ ಮಳೆ ಬಿದ್ದು ಹುಲ್ಲು ಮೊಣಕಾಲುದ್ದ ಬೆಳೆಯಿತೆಂದರೆ ತಿಪಟೂರು ಸೀಮೆಯ ಬಿಳಿಗೆರೆ ಸುತ್ತಿನ ತೆಂಗಿನ ತೋಟಗಳಲ್ಲಿ ಬೆಳಗ್ಗೆಯಿಂದಲೇ ವೀಡ್ ಕಟರ್‌ಗಳ ಸದ್ದು ಶುರು. ಹೆಗಲಿಗೆ ಪಟ್ಟಿ ಬಿಗಿದು ಹೊರುವ ಆ ಮೆಷಿನ್ನಿನ ಹಿಂತುದಿಯಲ್ಲಿ ಇರುವುದು ಸಾಮಾನ್ಯವಾಗಿ ಮೂವತ್ತು–ನಲವತ್ತು ಸಿಸಿಯ ಎಂಜಿನ್. ಅದರ ಹತ್ತನೇ ಒಂದು ಪಾಲಿನಷ್ಟೇ ಇರುವ ಎಂಜಿನ್ ಹೊತ್ತು, ರಿಮೋಟ್ ಹಿಡಿದವರ ಬೆರಳಿನ ಅಂಕೆಯಲ್ಲಿ ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡುವ ಟ್ರಕ್ಕುಗಳೂ ಇವೆ. ಅಮೆರಿಕದ ಟೆಕ್ಸಾಸ್‌ನ ಟ್ರ್ಯಾಕ್ಸಸ್ ಕಂಪನಿ 1999ರಲ್ಲಿ ಹೊರತಂದ ಟಿ-ಮ್ಯಾಕ್ಸ್ ಈ ಜಾತಿಯ ಹೆಸರಾಂತ ಗಾಡಿ. ನಂತರದ ಆವೃತ್ತಿಗಳಲ್ಲಿ ಅದರ ಎಂಜಿನ್ 3.3 ಸಿಸಿಗೆ ಬೆಳೆಯಿತು. ಮೆಥನಾಲ್ ಮತ್ತು ನೈಟ್ರೋಮೀಥೇನ್ ಬೆರೆಸಿದ ಇಂಧನ ಕುಡಿಯುವುದರಿಂದ ಹವ್ಯಾಸಿಗಳು ಇವನ್ನು ಸುಮ್ಮನೆ ನೈಟ್ರೋ ಟ್ರಕ್ ಎನ್ನುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಅಂಗಳದಲ್ಲಿ ಇಂಥ ಟ್ರಕ್ ಕಾಣುವುದು ಅಪರೂಪವೇ. ಆದರೆ ಅದನ್ನು ಸಾಕುವ ವಿದ್ಯೆ ಅಲ್ಲಿಗೆ ಹೊಸದಲ್ಲ. ಆ ಟ್ರಕ್ಕೂ ಹೆಚ್ಚಿನ ವೀಡ್ ಕಟರ್‌ಗಳೂ ಟೂ ಸ್ಟ್ರೋಕ್ ಕುಲದವು. ಎಣ್ಣೆ ಇಂಧನದಲ್ಲೇ ಬೆರೆತು ಬರಬೇಕು. ಗಾಳಿ–ಇಂಧನದ ಅಳತೆ ತಪ್ಪಿದರೆ ಪಿಸ್ಟನ್ ಸೀಜ್ ಆಗುತ್ತದೆ. ದೂಳು ಒಳಹೊಕ್ಕರೆ ಬೋರ್ ಸವೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಕಟ್ಟಿ ಕಳಿಸಿದ ಜಾವಾ, ಯೆಜ್ದಿಗಳು, ಹೊಸೂರಿನಿಂದ 1980ರಲ್ಲಿ ಬಂದ ಟಿವಿಎಸ್ 50 ಮತ್ತು ಅದರ ಬೆನ್ನಿಗೆ ಬಂದ ಎಕ್ಸ್‌ಎಲ್‌ಗಳು ಈ ಭಾಗದ ಮೆಕ್ಯಾನಿಕ್‌ಗಳ ಎರಡು ತಲೆಮಾರಿಗೆ ಪಾಠ ಹೇಳಿವೆ. ಪೆಟ್ರೋಲ್ ಬಂಕಿನಲ್ಲಿ ಟೂ ಟಿ ಆಯಿಲ್ ಅಳೆದು ಹಾಕಿಸಿಕೊಂಡ ನೆನಪಿರುವವರು ಇನ್ನೂ ಊರಿಗೊಬ್ಬರಲ್ಲ, ಬೀದಿಗೊಬ್ಬರು ಸಿಗುತ್ತಾರೆ.

ಹಾಗಿದ್ದರೂ ಸಣ್ಣ ಎಂಜಿನ್ ಮೊರೆಯದೆ ಗೊಣಗಿತೆಂದರೆ ಎಲ್ಲರ ಕೈಯೂ ಮೊದಲು ಹೋಗುವುದು ಸ್ಕ್ರೂಡ್ರೈವರ್‌ಗೆ. ಕಾರ್ಬೊರೇಟರಿನ ಸೂಜಿಯನ್ನು ಅತ್ತ ಅರ್ಧ ಸುತ್ತು, ಇತ್ತ ಕಾಲು ಸುತ್ತು ತಿರುಗಿಸಿದರೆ ರೋಗ ವಾಸಿಯಾದೀತೆಂಬ ನಂಬಿಕೆ. ನೈಟ್ರೋ ಟ್ರಕ್ಕಿನ ವಿಷಯದಲ್ಲಿ ಈ ಆತುರವೇ ಹೆಚ್ಚಿನ ಎಂಜಿನ್‌ಗಳನ್ನು ಕೊಂದಿದೆ ಎನ್ನಬೇಕು. ಸೂಜಿ ಕಟ್ಟಕಡೆಗೆ ಮುಟ್ಟಬೇಕಾದ ಭಾಗ. ಅದಕ್ಕೂ ಮೊದಲು ನೋಡಬೇಕಾದ್ದು ಇಂಧನ, ಪ್ಲಗ್, ಫಿಲ್ಟರ್, ಸೋರಿಕೆ. ಈ ಸರದಿ ಹಿಡಿದೇ ವಿಷಯ ನೋಡುವುದು ಲೇಸು.

ಮೊದಲು ಇಂಧನ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮೆಥನಾಲಿಗೆ ಆರೂವರೆ ಕಿಲೋ ಸಾಕು. ನೈಟ್ರೋಮೀಥೇನ್‌ಗೆ ಬರೀ 1.7 ಕಿಲೋ, ಏಕೆಂದರೆ ಅದರ ಅಣುವಿನೊಳಗೇ ಆಮ್ಲಜನಕ ಇದೆ. ತೂಕಕ್ಕೆ ತೂಕ ಹಿಡಿದರೆ ನೈಟ್ರೋಮೀಥೇನ್ ಕೊಡುವ ಶಾಖ ಪೆಟ್ರೋಲಿನ ಕಾಲುಭಾಗ ಮಾತ್ರ. ಆದರೆ ಸಿಲಿಂಡರ್ ಒಳಗೆ ಎಳೆದುಕೊಂಡ ಅಷ್ಟೇ ಗಾಳಿಗೆ ಎಂಟು ಪಟ್ಟಿಗೂ ಹೆಚ್ಚು ಇಂಧನ ಉರಿಸಬಹುದಾದ್ದರಿಂದ ಒಟ್ಟು ಬಲ ಇಮ್ಮಡಿ ಮೀರುತ್ತದೆ. ಟ್ರಕ್ಕಿನ ಇಂಧನದಲ್ಲಿ ನೈಟ್ರೋಮೀಥೇನ್ ಸಾಮಾನ್ಯವಾಗಿ ಶೇ. 20ರಿಂದ 30, ಉಳಿದದ್ದು ಮೆಥನಾಲ್ ಮತ್ತು ಎಣ್ಣೆ. ಈ ಎಂಜಿನ್‌ಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. 1947ರಲ್ಲಿ ಅಮೆರಿಕದ ರೇ ಆರ್ಡನ್ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್‌ನ ಪ್ಲಾಟಿನಂ ಸುರುಳಿಯನ್ನು ಚಾಲೂ ಮಾಡುವಾಗ ಒಂದೂವರೆ ವೋಲ್ಟಿನಲ್ಲಿ ಕೆಂಪಗೆ ಕಾಯಿಸುತ್ತಾರೆ, ಅಷ್ಟೆ. ಆಮೇಲೆ ಬ್ಯಾಟರಿ ತೆಗೆದರೂ, ಮೆಥನಾಲ್ ಆವಿ ಪ್ಲಾಟಿನಂಗೆ ತಾಕಿದಾಗಿನ ರಾಸಾಯನಿಕ ಕ್ರಿಯೆ ಮತ್ತು ದಹನದ ಬಿಸಿ ಸೇರಿ ಸುರುಳಿಯನ್ನು ಕೆಂಪಗೇ ಇರಿಸುತ್ತವೆ.

ಎಣ್ಣೆಯ ವಿಚಾರಕ್ಕೆ ಬಂದರೆ ತೆಂಗಿನ ಸೀಮೆಯವರಿಗೆ ಸಹಜವಾಗಿ ಒಂದು ಪ್ರಶ್ನೆ ಏಳಬಹುದು: ಕೊಬ್ಬರಿ ಎಣ್ಣೆ ಆಗದೆ? ಆಗದು. ಇಪ್ಪತ್ತನಾಲ್ಕು ಡಿಗ್ರಿಗೆ ಅದು ಗಟ್ಟಿಯಾಗಲು ತೊಡಗುತ್ತದೆ; ಮಾಗಿಯ ಬೆಳಗ್ಗೆ ತಿಪಟೂರಿನ ಯಾವ ಮನೆಯ ಬಾಟಲಿ ನೋಡಿದರೂ ಸಾಕ್ಷಿ ಸಿಗುತ್ತದೆ. ಇನ್ನೂ ದೊಡ್ಡ ತೊಡಕೆಂದರೆ ಅದು ಮೆಥನಾಲಿನಲ್ಲಿ ಸರಿಯಾಗಿ ಕರಗದು. ಕರಗುವುದು ಹರಳೆಣ್ಣೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುತ್ತಿದ್ದ ಹರಳಿನ ಎಣ್ಣೆಯ ಕೊಬ್ಬಿನಾಮ್ಲದಲ್ಲಿ ಮದ್ಯಸಾರಕ್ಕೆ ಹೊಂದುವ ಹೈಡ್ರಾಕ್ಸಿಲ್ ಗುಂಪು ಇದೆ; ಆ ಕಾರಣಕ್ಕೆ ಎರಡೂ ಏಕವಾಗಿ ಬೆರೆಯುತ್ತವೆ. ಎಂಜಿನ್ ವಿಪರೀತ ಕಾದಾಗ ಬೇರೆ ಎಣ್ಣೆ ಸುಟ್ಟು ಹಾರಿಹೋಗುವ ಹೊತ್ತಿನಲ್ಲಿ ಹರಳೆಣ್ಣೆ ಮಂದವಾಗಿ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಕ್ಯಾಸ್ಟ್ರಾಲ್ ಎಂಬ ಹೆಸರಾಂತ ಆಯಿಲ್‌ನ ಹೆಸರು ಹುಟ್ಟಿದ್ದೂ ಇದೇ ಎಣ್ಣೆಯಿಂದ. ಇದರ ದೋಷವೂ ಅದೇ ಅಂಟು: ಪಿಸ್ಟನ್ನಿನ ಮೇಲೆ ಕಂದು ಮೆರುಗಿನ ಲೇಪ ಕಟ್ಟುತ್ತದೆ. ಸಿಂಥೆಟಿಕ್ ಎಣ್ಣೆ ಒಳಭಾಗವನ್ನು ಚೊಕ್ಕಟವಾಗಿ ಇಡುತ್ತದೆ, ಆದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾದುಹೋದಾಗ ಕೈಕೊಡುತ್ತದೆ. ಹವ್ಯಾಸಿಗಳ ನಡುವೆ ಈ ಜಗಳ ದಶಕಗಳಿಂದ ಇದೆ. ಇಂಧನ ತಯಾರಕರಲ್ಲಿ ಹೆಚ್ಚಿನವರು ಎರಡನ್ನೂ ಬೆರೆಸಿ ಜಗಳದಿಂದ ನುಣುಚಿಕೊಂಡಿದ್ದಾರೆ. ಪಳಗದ ಕೈಗೆ ಅದೇ ಸರಿ.

ಆದರೆ ಈ ಇಂಧನ ಸಿಗಬೇಕಲ್ಲ! ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣ ಹೋಗುತ್ತದೆ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇದು ಬೆರೆತ ಸಾರಾಯಿ ಕುಡಿದು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರುವತ್ತಕ್ಕೂ ಹೆಚ್ಚು ಜನರನ್ನು ಬಲಿ ಪಡೆದದ್ದೂ ಇದೇ. ಹೀಗಾಗಿ ಹಲವು ರಾಜ್ಯಗಳು ಇದರ ಮಾರಾಟಕ್ಕೆ ಲೈಸೆನ್ಸ್ ಕಡ್ಡಾಯ ಮಾಡಿವೆ. ನೈಟ್ರೋಮೀಥೇನ್ ಸ್ಫೋಟಕ ತಯಾರಿಕೆಗೂ ಬಳಕೆಯಾಗಬಲ್ಲದ್ದು, ತೂಕದಲ್ಲಿ ಶೇ. 16ಕ್ಕಿಂತ ಹೆಚ್ಚು ಇದ್ದರೆ ಅದನ್ನು ಪರವಾನಗಿ ಇಲ್ಲದ ಸಾಮಾನ್ಯರಿಗೆ ಕೊಡುವಂತಿಲ್ಲ ಎಂಬ ನಿಯಮ ಯೂರೋಪಿನ ಒಕ್ಕೂಟದಲ್ಲಿ 2021ರಿಂದ ಜಾರಿಯಲ್ಲಿದೆ. ಕ್ಯಾನಿನ ಮೇಲೆ ದೊಡ್ಡ ಅಕ್ಷರದಲ್ಲಿ ವಿಷ ಎಂದು ಬರೆದು, ಬೀಗದೊಳಗೆ, ಅಡುಗೆಮನೆಯ ಬಾಟಲಿಗಳಿಂದ ದೂರ ಇಡುವುದು ಆರೈಕೆಯ ಮೊದಲ ಪಾಠ. ಮೆಥನಾಲಿನ ಜ್ವಾಲೆ ಹಗಲ ಬೆಳಕಿನಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಮೆಥನಾಲಿನ ಇನ್ನೊಂದು ಚಾಳಿ ಗಾಳಿಯ ತೇವವನ್ನು ಹೀರುವುದು. ಮುಚ್ಚಳ ಸಡಿಲವಿದ್ದ ಹಳೆಯ ಇಂಧನ ಹಾಕಿಕೊಂಡು ಸೂಜಿ ತಿರುಗಿಸುತ್ತ ಕೂತರೆ ಸಂಜೆಯಾದರೂ ಎಂಜಿನ್ ಹದಕ್ಕೆ ಬರದು. ಪ್ಲಗ್ ಕೂಡ ಹಾಗೆಯೇ: ಕೆಂಪಗೆ ಉರಿದರೆ ಸರಿ ಇದೆ ಎಂದುಕೊಳ್ಳುವಂತಿಲ್ಲ, ಸುರುಳಿ ನಜ್ಜುಗುಜ್ಜಾಗಿದ್ದರೆ, ಮಂಕು ಬಿಳಿ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಬೇಕು. ತಾಜಾ ಇಂಧನ, ಹೊಸ ಪ್ಲಗ್ ಹಾಕಿ ನೋಡದೆ ಹದ ಮಾಡಲು ಕೂರುವುದು ಹೊತ್ತು ಹಾಳು.

ಇನ್ನು ದೂಳು. ಈ ಸೀಮೆಯ ಕೆಮ್ಮಣ್ಣು ಮಾರ್ಚ್–ಏಪ್ರಿಲ್‌ನಲ್ಲಿ ಹಿಟ್ಟಾಗುತ್ತದೆ. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಎಂಜಿನ್ ನೆಲದಿಂದ ಗೇಣುದ್ದ ಎತ್ತರದಲ್ಲಿ, ತನ್ನದೇ ಚಕ್ರಗಳೆಬ್ಬಿಸಿದ ದೂಳಿನ ಮೋಡದೊಳಗಿಂದ ಉಸಿರೆಳೆಯುತ್ತದೆ. ಒಳಹೋದ ದೂಳು ಎಣ್ಣೆಯೊಂದಿಗೆ ಕಲಸಿ ಉಜ್ಜುಪುಡಿಯಾಗುತ್ತದೆ. ಇಂಥ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ಇರುವುದಿಲ್ಲ. ಕ್ರೋಮ್ ಲೇಪದ ಹಿತ್ತಾಳೆ ತೋಳಿನೊಳಗೆ ಅಲ್ಯೂಮಿನಿಯಂ ಪಿಸ್ಟನ್, ತೋಳು ಮೇಲ್ತುದಿಗೆ ಕೂದಲೆಳೆಯಷ್ಟು ಕಿರಿದು. ತಣ್ಣಗಿರುವಾಗ ಮೇಲ್ತುದಿಯಲ್ಲಿ ಪಿಸ್ಟನ್ ಬಿಗಿಯಾಗಿ ಹಿಡಿಯುತ್ತದೆ, ಕಾದಾಗ ಹಿತ್ತಾಳೆ ಹಿಗ್ಗಿ ಅಳತೆ ಸರಿಹೋಗುತ್ತದೆ. ದೂಳು ಮೊದಲು ತಿನ್ನುವುದು ಈ ಬಿಗಿಯನ್ನೇ. ಒಮ್ಮೆ ಅದು ಹೋದರೆ ಬಿಸಿ ಎಂಜಿನ್ ಮತ್ತೆ ಚಾಲೂ ಆಗದು, ಚಾಲೂ ಆದರೂ ಐಡ್ಲಿಂಗ್ ನಿಲ್ಲದು. ಯಜಮಾನ ಅದನ್ನು ಮಿಶ್ರಣದ ದೋಷವೆಂದು ತಿಳಿದು ಸೂಜಿ ಬಿಗಿಯುತ್ತಾನೆ, ಇಂಧನ ಕಡಿಮೆಯಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ, ಉಳಿದಿದ್ದ ಬಿಗಿಯೂ ಹೋಗುತ್ತದೆ.

ಇದಕ್ಕೆ ಇರುವ ಮದ್ದು ಅಗ್ಗದ್ದು: ಸ್ಪಂಜಿನ ಏರ್ ಫಿಲ್ಟರ್. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಿಂಡಿ, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಸವರಿ, ಎಣ್ಣೆ ಎಲ್ಲ ಕಡೆ ಹರಡುವಂತೆ ಹಿಸುಕಿ ಹಾಕಬೇಕು. ಎಣ್ಣೆ ಇಲ್ಲದ ಒಣ ಸ್ಪಂಜು ಕಲ್ಲುಕಡ್ಡಿ ತಡೆದೀತೇ ಹೊರತು ನುಣ್ಣನೆಯ ದೂಳನ್ನಲ್ಲ. ಫಿಲ್ಟರ್ ಕೂತ ರಬ್ಬರ್ ಕತ್ತಿನ ಒಳಗೆ ಬೆರಳು ಹಾಕಿ ಸವರಿದಾಗ ಕೆಂಪು ಅಂಟಿದರೆ ದೂಳು ಅದಾಗಲೇ ದಾಟಿದೆ ಎಂದರ್ಥ. ವೀಡ್ ಕಟರ್‌ಗೂ ಇದೇ ಮಾತು. ಜೊತೆಗೆ ಅದರ ಸಿಲಿಂಡರಿನ ರೆಕ್ಕೆಗಳ ನಡುವೆ ಹುಲ್ಲಿನ ಚೂರು, ಎಣ್ಣೆ, ಮಣ್ಣು ಸೇರಿ ಗಾರೆ ಕಟ್ಟಿದಂತಾಗಿರುತ್ತದೆ. ಬಿಸಿ ಹೋಗಲು ದಾರಿಯೇ ಇರುವುದಿಲ್ಲ. ಮಿಕ್ಸ್ಚರ್ ಸರಿಯಿಲ್ಲವೆಂದು ರಿಪೇರಿಗೆ ತಂದ ಮೆಷಿನ್ನು ಬರೀ ಬ್ರಷ್ ಹಾಕಿ ಉಜ್ಜಿದ ಮೇಲೆ ಸರಿಹೋಗುವುದುಂಟು.

ಸೋರಿಕೆಯನ್ನು ಪತ್ತೆ ಮಾಡುವುದು ಇದಕ್ಕಿಂತ ಸೂಕ್ಷ್ಮ. ನೈಟ್ರೋ ಟ್ರಕ್ಕಿನಲ್ಲಿ ಇಂಧನ ಪಂಪ್ ಇಲ್ಲ. ಸೈಲೆನ್ಸರ್‌ನಿಂದ ಒಂದು ಸಣ್ಣ ಕೊಳವೆ ಟ್ಯಾಂಕಿಗೆ ಹೊಗೆಯ ಒತ್ತಡ ಒಯ್ಯುತ್ತದೆ, ಆ ಒತ್ತಡ ಇಂಧನವನ್ನು ಕಾರ್ಬೊರೇಟರಿಗೆ ತಳ್ಳುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಉಂಗುರ ಸವೆದಿದ್ದರೆ, ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ, ಎಂಜಿನ್ನಿನ ಹಿಂಬದಿ ಮುಚ್ಚಳದ ಅಥವಾ ಕಾರ್ಬೊರೇಟರ್ ಕತ್ತಿನ ಸೀಲ್ ಹೋಗಿದ್ದರೆ ಒತ್ತಡ ಸೋರಿಹೋಗುತ್ತದೆ, ಇಲ್ಲವೆ ಲೆಕ್ಕಕ್ಕಿಲ್ಲದ ಗಾಳಿ ಒಳಬರುತ್ತದೆ. ಲಕ್ಷಣ ಒಂದೇ: ರೇಸ್ ಬಿಟ್ಟ ಮೇಲೂ ಸುತ್ತು ಇಳಿಯದೆ ಕೀರಲು ಸ್ವರದಲ್ಲಿ ನಿಂತುಬಿಡುವುದು, ಇವತ್ತಿನ ಹದ ನಾಳೆಗೆ ಇಲ್ಲದಿರುವುದು. ಟ್ಯಾಂಕನ್ನು ಬಿಚ್ಚಿ, ಒಂದು ಕೊಳವೆ ಮುಚ್ಚಿ, ಇನ್ನೊಂದರಿಂದ ಊದಿ ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಕಾಣುತ್ತದೆ. ಪಂಕ್ಚರ್ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಸರಿಯಿದ್ದ ಮೇಲೆ ಸೂಜಿ. ಹೆಚ್ಚಿನ ಟ್ರಕ್ ಎಂಜಿನ್‌ಗಳಲ್ಲಿ ಮೂರು ಸ್ಕ್ರೂ: ಪೂರ್ಣ ವೇಗದ ಸೂಜಿ, ಕಡಿಮೆ ವೇಗದ ಸೂಜಿ, ಐಡ್ಲಿಂಗ್ ಸ್ಕ್ರೂ. ವೀಡ್ ಕಟರಿನ ಡಯಾಫ್ರಂ ಕಾರ್ಬೊರೇಟರಿನಲ್ಲೂ ಹೆಚ್ಚುಕಡಿಮೆ ಇವೇ ಮೂರು. ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಅಂದರೆ ಲೀನ್. ಎಡಕ್ಕೆ ತಿರುಗಿಸಿದರೆ ಇಂಧನ ಹೆಚ್ಚು, ಅಂದರೆ ರಿಚ್. ಎಂಜಿನ್ ಪೂರ್ತಿ ಕಾದ ಮೇಲೆ ಮೊದಲು ಪೂರ್ಣ ವೇಗದ್ದು, ಆಮೇಲೆ ಕಡಿಮೆ ವೇಗದ್ದು, ಕೊನೆಗೆ ಐಡ್ಲಿಂಗ್. ಒಂದು ಸಲಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆಯಿಂದ ಇನ್ನೊಂದಕ್ಕೆ ಸರಿಯುವಷ್ಟು ಮಾತ್ರ, ಅಂದರೆ ಹನ್ನೆರಡರಲ್ಲಿ ಒಂದು ಸುತ್ತು. ತಿರುಗಿಸಿ, ಒಂದೆರಡು ಸುತ್ತು ಓಡಿಸಿ, ಆಮೇಲೆ ತೀರ್ಮಾನ. ಪೂರ್ಣ ವೇಗದಲ್ಲಿ ಹಿಂದೆ ತೆಳ್ಳನೆಯ ನೀಲಿ ಹೊಗೆಯ ಗೆರೆ ಕಾಣಲೇಬೇಕು. ಹೊಗೆ ಇಲ್ಲದೆ ಗಾಡಿ ಭರ್ಜರಿಯಾಗಿ ಓಡುತ್ತಿದ್ದರೆ ಹಿಗ್ಗುವಂತಿಲ್ಲ: ಇಂಧನದ ಜೊತೆಗೇ ಎಣ್ಣೆಯೂ ಕಡಿಮೆಯಾಗಿದೆ.

ಕಡಿಮೆ ವೇಗದ ಸೂಜಿಯ ಪರೀಕ್ಷೆಗೆ ಐಡ್ಲಿಂಗ್‌ನಲ್ಲಿ ಕಾರ್ಬೊರೇಟರ್ ಹತ್ತಿರ ಇಂಧನದ ಕೊಳವೆಯನ್ನು ಬೆರಳಲ್ಲಿ ಹಿಸುಕಿ ಹಿಡಿಯುತ್ತಾರೆ. ಎರಡು ಮೂರು ಸೆಕೆಂಡಿನಲ್ಲಿ ಸುತ್ತು ಕೊಂಚ ಏರಿ ಎಂಜಿನ್ ನಿಂತರೆ ಹದ ಸರಿ. ಹಿಸುಕಿದ ಕೂಡಲೇ ಸತ್ತರೆ ಲೀನ್. ಬಹಳ ಹೊತ್ತು ಎಳೆದಾಡಿದರೆ ರಿಚ್.

ಕಾರ್ಖಾನೆಯ ಪುಸ್ತಕದಲ್ಲಿ ಬರೆದ ಸುತ್ತಿನ ಲೆಕ್ಕ ಇಲ್ಲಿಗೆ ಹಾಗೆಯೇ ಒಗ್ಗದಿರಲು ಭೂಗೋಳವೂ ಕಾರಣ. ತಿಪಟೂರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇ. 10ರಷ್ಟು ಕಡಿಮೆ. ಕಡಲತೀರದಲ್ಲಿ ಹದವಾಗಿದ್ದ ಎಂಜಿನ್ ಘಟ್ಟ ಹತ್ತಿ ಬಂದರೆ ರಿಚ್ ಆಗುತ್ತದೆ, ಮಂಕಾಗಿ ಎಳೆಯುತ್ತದೆ. ಹವೆಯದೂ ಇದೇ ಲೆಕ್ಕ: 35 ಡಿಗ್ರಿಯ ಗಾಳಿ 15 ಡಿಗ್ರಿಯದಕ್ಕಿಂತ ಶೇ. 6ರಿಂದ 7ರಷ್ಟು ತೆಳು. ಏಪ್ರಿಲ್ ಮಧ್ಯಾಹ್ನ ಲೀನ್ ಮಾಡಿಕೊಂಡ ಹದವನ್ನು ಡಿಸೆಂಬರ್ ಬೆಳಗ್ಗೆಗೆ ಹಾಗೇ ಉಳಿಸಿಕೊಂಡವರು ಎಂಜಿನ್ ಕಳೆದುಕೊಳ್ಳುವ ಅಪಾಯ ಹೆಚ್ಚು. ದಟ್ಟವಾದ ತಣ್ಣನೆ ಗಾಳಿಗೆ ಬೇಕಾದಷ್ಟು ಇಂಧನ ಅಲ್ಲಿ ಇರುವುದಿಲ್ಲ. ಹೊರಗೆ ಚಳಿ ಇದ್ದರೂ ಒಳಗೆ ಪಿಸ್ಟನ್ ಸುಡುತ್ತಿರುತ್ತದೆ.

ಕಿವಿಯೋ, ಥರ್ಮಾಮೀಟರೋ ಎಂಬುದು ಈ ಕ್ಷೇತ್ರದ ಹಳೆಯ ವಾದ. ಇನ್‌ಫ್ರಾರೆಡ್ ಗನ್ ಹಿಡಿದು ಗ್ಲೋ ಪ್ಲಗ್ ಬಳಿ ಅಳೆದರೆ 95ರಿಂದ 120 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ಅದನ್ನು ಮೀರಿ ಏರುತ್ತಿದ್ದರೆ ನಿಲ್ಲಿಸುವುದು ಒಳ್ಳೆಯದು. ಗನ್ ಇಲ್ಲದವರು ಹೆಡ್ ಮೇಲೆ ಒಂದು ಹನಿ ನೀರು ಬಿಡುತ್ತಾರೆ: ಮೂರರಿಂದ ಐದು ಸೆಕೆಂಡಿನಲ್ಲಿ ಕುದಿದು ಆರಿದರೆ ಸರಿ, ಬಿದ್ದಕೂಡಲೇ ಚುರ್ ಎಂದು ಮಾಯವಾದರೆ ಎಂಜಿನ್ ಅತಿಯಾಗಿ ಕಾದಿದೆ. ಆದರೆ ಅಂಕಿಯನ್ನೇ ನಂಬಿ ಹದ ಮಾಡುವವರು ಎಡವುವುದು ಇಲ್ಲಿಯೇ. ಗಾಡಿಯ ಬಾಡಿಯಲ್ಲಿ ಗಾಳಿ ಆಡಲು ಕಿಂಡಿ ಕತ್ತರಿಸದಿದ್ದರೂ ಬಿಸಿ ಏರುತ್ತದೆ, ಎತ್ತರದ ಹುಲ್ಲಿನಲ್ಲಿ ಓಡಿಸಿದರೂ ಏರುತ್ತದೆ, ಬ್ರೇಕ್ ಅಥವಾ ಬೇರಿಂಗ್ ಹಿಡಿದುಕೊಂಡಿದ್ದರೂ ಏರುತ್ತದೆ. ಹೊಗೆ, ಸದ್ದು, ಕೊಳವೆ ಹಿಸುಕಿದಾಗಿನ ವರ್ತನೆ ಮೂರೂ ಒಂದೇ ಮಾತು ಹೇಳುತ್ತಿರುವಾಗ ಗನ್ ಮಾತ್ರ ಬೇರೆ ಹೇಳಿದರೆ ಗಾಡಿಯ ಉಳಿದ ಭಾಗವನ್ನು ತಡಕುವುದು ಜಾಣತನ.

ಹೊಸ ಎಂಜಿನ್ ಪಳಗಿಸುವ ರೀತಿಯಲ್ಲೂ ಎರಡು ಮತ. ಹಳಬರು ಮೊದಲ ಒಂದೆರಡು ಟ್ಯಾಂಕು ನಿಂತಲ್ಲೇ, ಹೊಗೆ ಕಾರುತ್ತ, ತಣ್ಣಗೆ ಓಡಿಸುತ್ತಿದ್ದರು. ಈಗ ಹೆಚ್ಚಿನವರ ಒಲವು ಹೇರ್ ಡ್ರೈಯರ್‌ನಿಂದ ಎಂಜಿನ್ ಕಾಯಿಸಿ, ಕೊಂಚ ರಿಚ್ ಇಟ್ಟು, ಆದರೆ ಕೆಲಸದ ಬಿಸಿಗೆ ಹತ್ತಿರವಾಗಿಯೇ ಓಡಿಸಿ, ನಡುನಡುವೆ ಆರಲು ಬಿಡುವ ಕಡೆಗೆ. ಎರಡನೆಯದೇ ಸರಿ ಎನ್ನಲು ತೋಳಿನ ರಚನೆಯೇ ಆಧಾರ: ತಣ್ಣಗಿರುವಾಗ ಬಿಗಿ ಹೆಚ್ಚು, ಆ ಬಿಗಿಯಲ್ಲೇ ಗಂಟೆಗಟ್ಟಲೆ ಉಜ್ಜಿಸಿದರೆ ಸವೆತ ಹೆಚ್ಚು, ಕನೆಕ್ಟಿಂಗ್ ರಾಡ್‌ನ ಮೇಲೂ ಭಾರ.

ಗೇರು, ಕ್ಲಚ್, ಶಾಕ್ ಅಬ್ಸಾರ್ಬರ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕ್ಲಚ್ ಬೆಲ್‌ನ ಬೇರಿಂಗ್ ಮೊದಲು ಹೋಗುತ್ತದೆ, ಅದನ್ನು ಆಗಾಗ ಕೈಯಲ್ಲಿ ತಿರುಗಿಸಿ ನೋಡಬೇಕು. ಎರಡು ಗೇರುಗಳ ನಡುವೆ ಒಂದು ಕಾಗದದ ಪಟ್ಟಿ ಹಾಯುವಷ್ಟು ಸಡಿಲ ಇರಬೇಕು. ಅದುರುವ ಎಂಜಿನ್ ನಟ್ಟುಬೋಲ್ಟನ್ನು ಸಡಿಲಿಸುತ್ತಲೇ ಇರುವುದರಿಂದ ಲೋಹಕ್ಕೆ ಲೋಹ ಕೂಡುವಲ್ಲೆಲ್ಲ ಥ್ರೆಡ್ ಲಾಕ್ ಹನಿಸಬೇಕು. ಕಡೆಗಣಿಸಬಾರದ್ದು ರೇಡಿಯೋ. ನಾಲ್ಕೈದು ಕಿಲೋ ತೂಕದ ಟ್ರಕ್ ಪೂರ್ಣ ವೇಗದಲ್ಲಿ ಅಂಕೆ ತಪ್ಪಿದರೆ ಎದುರಿಗಿರುವವರ ಕಾಲು ಮುರಿಯಬಹುದು. ಸಿಗ್ನಲ್ ತಪ್ಪಿದಾಗ ಥ್ರಾಟಲ್ ತಾನಾಗಿ ಮುಚ್ಚುವ ಫೇಲ್‌ಸೇಫ್ ಮತ್ತು ಕಾರ್ಬೊರೇಟರಿಗೆ ಒಂದು ಸ್ಪ್ರಿಂಗ್, ಇವೆರಡೂ ಇಲ್ಲದ ಗಾಡಿಯನ್ನು ಜನರಿರುವ ಮೈದಾನಕ್ಕೆ ಒಯ್ಯಲೇಬಾರದು.

ದಿನದ ಆಟ ಮುಗಿದ ಮೇಲಿನ ಹತ್ತು ನಿಮಿಷ ಎಂಜಿನ್ನಿನ ಆಯುಷ್ಯ ನಿರ್ಧರಿಸುತ್ತದೆ. ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಉಳಿದ ಇಂಧನ ಉರಿಸಿ, ಪ್ಲಗ್ ತೂತಿಗೂ ಕಾರ್ಬೊರೇಟರ್ ಬಾಯಿಗೂ ಆಫ್ಟರ್ ರನ್ ಆಯಿಲ್ ಕೆಲವು ಹನಿ ಬಿಟ್ಟು ನಾಲ್ಕಾರು ಬಾರಿ ತಿರುಗಿಸಬೇಕು. ಒಳಗುಳಿದ ಮೆಥನಾಲ್ ರಾತ್ರಿಯ ತೇವ ಹೀರಿ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಪಿಸ್ಟನ್ ಮೇಲ್ತುದಿಯ ಬಿಗಿಯಲ್ಲಿ ನಿಂತಿರದಂತೆ ಫ್ಲೈವೀಲ್ ತಿರುಗಿಸಿ ಕೆಳಗಿಳಿಸಿ ಇಡಬೇಕು.

ಈ ಇಡೀ ಉಪಚಾರದ ಪಟ್ಟಿ ನೋಡಿಯೇ ಬಹಳ ಜನ ಬ್ಯಾಟರಿ ಟ್ರಕ್ಕಿಗೆ ಹೋದರು. ಲಿಥಿಯಂ ಬ್ಯಾಟರಿ, ಬ್ರಷ್ ಇಲ್ಲದ ಮೋಟಾರ್ ಬಂದ ಮೇಲೆ ವೇಗದಲ್ಲೂ ನೈಟ್ರೋ ಹಿಂದೆ ಬಿದ್ದಿದೆ. ಅದರ ಭದ್ರವಾದ ನೆಲೆ ಈಗ ಎಂಟನೇ ಒಂದು ಅಳತೆಯ ಬಗ್ಗಿ ರೇಸುಗಳು. 125 ಸಿಸಿ ಮಿತಿಯ ಟ್ಯಾಂಕಿಗೆ ನಡುನಡುವೆ ಇಂಧನ ತುಂಬಿಸಿಕೊಳ್ಳುತ್ತ ಓಡುವ ಆ ಪಂದ್ಯಗಳ ಮೋಜನ್ನು ಬ್ಯಾಟರಿ ಕೊಡಲಾರದು.

ತೆಂಗಿನ ಸೀಮೆಯಲ್ಲಿ ಕೂತು ಯೋಚಿಸುವವರಿಗೆ ಮೂರನೆಯ ದಾರಿಯೊಂದಿದೆ. ಐದನೇ ಒಂದು ಅಳತೆಯ ಪೆಟ್ರೋಲ್ ಟ್ರಕ್ಕುಗಳಲ್ಲಿ ಹೆಸರು ಮಾಡಿದ ಎಂಜಿನ್ ಜಪಾನಿನ ಝೆನೋವಾ ಕಂಪನಿಯ 23 ಸಿಸಿಯದು. ಇದೇ ಕಂಪನಿ ವೀಡ್ ಕಟರ್‌ಗಳನ್ನೂ ತಯಾರಿಸುತ್ತದೆ. ಸ್ಪಾರ್ಕ್ ಪ್ಲಗ್, ಎಳೆದು ಚಾಲೂ ಮಾಡುವ ಹಗ್ಗ, ವಾಲ್‌ಬ್ರೊ ಮಾದರಿಯ ಡಯಾಫ್ರಂ ಕಾರ್ಬೊರೇಟರ್, ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ ಟಿ ಆಯಿಲ್ ಬೆರೆಸುವ 25:1 ಅಳತೆ, ಎಲ್ಲವೂ ತೋಟದ ಮೆಷಿನ್ನಿನ ಪರಿಚಿತ ಸಾಮಾನು. ಮೆಥನಾಲಿನ ಕಾನೂನಿಲ್ಲ, ಗ್ಲೋ ಪ್ಲಗ್ಗಿನ ಗೊಡವೆಯಿಲ್ಲ. ಬಿಳಿಗೆರೆಯಲ್ಲಿ ಯಾರಾದರೂ ಎಂಜಿನ್ ಟ್ರಕ್ ಸಾಕುವುದಾದರೆ ಸಾಕಬೇಕಾದ್ದು ಇದನ್ನೇ ಹೊರತು ನೈಟ್ರೋವನ್ನಲ್ಲ.

ಅದಕ್ಕೂ ಒಂದು ಕಂಟಕ ಈಚೆಗೆ ಗಂಟುಬಿದ್ದಿದೆ. ದೇಶದ ಬಂಕುಗಳಲ್ಲಿ ಈಗ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ಗೆ ಬೇಕಾದ ಗಾಳಿ ಪೆಟ್ರೋಲಿಗಿಂತ ಕಡಿಮೆ, ಹಾಗಾಗಿ ಹಳೆಯ ಹದದಲ್ಲೇ ಓಡಿದ ಎಂಜಿನ್ ಲೀನ್ ಆಗುತ್ತದೆ. ಎಥನಾಲ್ ಕೂಡ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ನೀರಿನೊಂದಿಗೆ ಸೇರಿ ಕ್ಯಾನಿನ ತಳಕ್ಕೆ ಇಳಿದುಬಿಡುತ್ತದೆ, ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ತಳದಿಂದ ಇಂಧನ ಎಳೆಯುವ ಎಂಜಿನ್ ಆಗ ಎಣ್ಣೆಯಿಲ್ಲದ ದ್ರವ ಕುಡಿಯುತ್ತದೆ. ಹಳೆಯ ರಬ್ಬರ್ ಡಯಾಫ್ರಂ ಉಬ್ಬಿ ಗಟ್ಟಿಯಾಗುತ್ತದೆ, ಪಾರದರ್ಶಕ ಕೊಳವೆ ಹಳದಿಯಾಗಿ ಸೀಳುತ್ತದೆ. ಹಂಗಾಮಿನ ಕೊನೆಯಲ್ಲಿ ಟ್ಯಾಂಕಿನಲ್ಲಿ ಅರ್ಧ ಲೀಟರ್ ಬಿಟ್ಟು ಮೂಲೆಗಿಟ್ಟ ವೀಡ್ ಕಟರ್ ಮುಂದಿನ ಮುಂಗಾರಿಗೆ ಹೊರಡದಿರುವುದಕ್ಕೆ ಬಹಳ ಸಲ ಇದೇ ಕಾರಣ. ಬೆರೆಸಿದ ಪೆಟ್ರೋಲನ್ನು ತಿಂಗಳೊಳಗೆ ಮುಗಿಸುವುದು, ಮೆಷಿನ್ ಎತ್ತಿಡುವ ಮುನ್ನ ಕಾರ್ಬೊರೇಟರ್ ಒಣಗುವವರೆಗೆ ಓಡಿಸುವುದು, ಎಥನಾಲ್ ತಾಳುವ ಡಯಾಫ್ರಂ ಕಿಟ್ ಕೇಳಿ ಹಾಕಿಸುವುದು, ಪೂರ್ಣ ವೇಗದ ಸೂಜಿಯನ್ನು ಕೂದಲೆಳೆಯಷ್ಟು ರಿಚ್ ಕಡೆಗೆ ತಿರುಗಿಸುವುದು ಸದ್ಯಕ್ಕಿರುವ ಉಪಾಯ. ಹೊಸ ಮೆಷಿನ್‌ಗಳ ಕಾರ್ಬೊರೇಟರಿನಲ್ಲಿ ಆ ಸೂಜಿಗೆ ಪ್ಲಾಸ್ಟಿಕ್ ಟೋಪಿ ಹಾಕಿ ತಿರುಗುವ ಮಿತಿಯನ್ನು ಕಟ್ಟಿರುತ್ತಾರೆ. ಅಂಥವಕ್ಕೆ ಕೊನೆಯ ಉಪಾಯ ಪೂರ್ತಿ ಒದಗುವುದಿಲ್ಲ.